ಟವೆಲಿನೊಳಗೆ ಎರಡು ಬೆರಳು

ಆಗ ನನಗೆ ಐವತ್ತು ದಾಟಿತ್ತು. ಇಪ್ಪತ್ತೇಳು ವರ್ಷದ ಹಿಂದಿನ ಮಾತು ಇದು. ಈ ಲೆಕ್ಕ ನನ್ನದಲ್ಲ, ಶೈಲಜಳದು. ಅವಳು ನನ್ನ ತಮ್ಮನ ಮಗಳು. ಲೆಕ್ಕದ ವಿಷಯದಲ್ಲಿ ನಾನು ಅವಳಿಗೆ ಎದುರಾಡುವುದಿಲ್ಲ. ಬೇರೆ ಎಲ್ಲ ವಿಷಯದಲ್ಲೂ ಆಡುತ್ತೇನೆ.

ಮೊನ್ನೆ ರಗ್ಗು ಹುಡುಕಲು ಟ್ರಂಕು ತೆಗೆದಾಗ ಅಡಿಯಲ್ಲಿ ನಮ್ಮ ಯಜಮಾನರ ಟವೆಲು ಸಿಕ್ಕಿತು. ಕೆಂಪು ಅಂಚಿನ ಬಿಳಿ ಟವೆಲು. ಬಿಳಿ ಎಂದು ನಾನು ಹೇಳುತ್ತೇನೆ, ನೀವು ನೋಡಿದರೆ ಹಾಗೆನ್ನಲಾರಿರಿ. ಅವರು ಹೋಗಿ ಬಹಳ ವರ್ಷವಾಯಿತು. ರೊಟ್ಟಿ ಹಂಚು ಒರೆಸಲು ಒಳ್ಳೆಯ ಬಟ್ಟೆಯಾದೀತು ಎಂದು ಹರಿಯಲು ನೋಡಿದೆ. ಹರಿಯಲಿಲ್ಲ. ಮನಸ್ಸು ತಡೆಯಿತು ಎಂದುಕೊಳ್ಳಬೇಡಿ, ಬಟ್ಟೆ ಗಟ್ಟಿ ಇತ್ತು. ಹಾಗಾಗಿ ಅದನ್ನು ಹಗ್ಗದ ಮೇಲೆ ಹಾಕಿ, ಕೂತು, ಇದನ್ನೆಲ್ಲ ನೆನೆಸಿಕೊಂಡೆ.

ನಮ್ಮ ಯಜಮಾನರು ದನದ ವ್ಯಾಪಾರದ ದಲ್ಲಾಳಿ. ಶಿಕಾರಿಪುರದ ಸುತ್ತ ಎಲ್ಲಿ ದನದ ಸಂತೆ ಕೂಡಿದರೂ ಅಲ್ಲಿ ಅವರು ಇರಬೇಕು. ಮಾರುವವನು ಒಬ್ಬ, ಕೊಳ್ಳುವವನು ಒಬ್ಬ, ನಡುವೆ ಇವರು. ರೇಟು ಬಾಯಲ್ಲಿ ಆಡುವ ಹಾಗಿಲ್ಲ, ಸುತ್ತ ನಿಂತವರಿಗೆ ಕೇಳಿಸುತ್ತದೆ. ಅದಕ್ಕೆ ಹೆಗಲ ಮೇಲಿನ ಟವೆಲನ್ನು ಕೈ ಮೇಲೆ ಇಳಿಬಿಟ್ಟುಕೊಂಡು ಅದರ ಕೆಳಗೆ ಎದುರಿನವನ ಬೆರಳು ಹಿಡಿಯುವುದು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಮುಂದಿನ ಸೊನ್ನೆ ಎಷ್ಟು ಎಂಬುದನ್ನು ಎತ್ತಿನ ಮೈ ನೋಡಿ ತಿಳಿದುಕೊಳ್ಳಬೇಕು. ಒಮ್ಮೆ ಇವನ ಕೈ, ಒಮ್ಮೆ ಅವನ ಕೈ ಹಿಡಿಯುತ್ತ, ಒಬ್ಬನನ್ನು ಮೇಲಿಂದ ಇಳಿಸಿ, ಇನ್ನೊಬ್ಬನನ್ನು ಕೆಳಗಿಂದ ಹತ್ತಿಸಿ, ನಡುವೆ ಎಲ್ಲೋ ತಂದು ನಿಲ್ಲಿಸುವುದು ಅವರ ಕಸುಬು. ಅಷ್ಟೂ ಹೊತ್ತು ಮುಖದಲ್ಲಿ ಏನೂ ಕಾಣಿಸಬಾರದು.

ಆ ಮುಖವನ್ನು ಅವರು ಹಾಗೇ ಮನೆಗೂ ತರುತ್ತಿದ್ದರು. ಊಟಕ್ಕೆ ಕೂತರೆ ಎಷ್ಟು ರೊಟ್ಟಿ ಎಂದು ಬಾಯಿಬಿಟ್ಟು ಹೇಳಿದವರಲ್ಲ, ಬೆರಳು ಎತ್ತುತ್ತಿದ್ದರು. ಪಲ್ಯ ಚೆನ್ನಾಗಿತ್ತೋ ಇಲ್ಲವೋ ಎಂಬುದನ್ನು ಎತ್ತಿದ ಬೆರಳಿನ ಮೇಲೆ ನಾನೇ ಲೆಕ್ಕ ಹಾಕಬೇಕು. ನನ್ನ ಮದುವೆಯ ಮಾತುಕತೆಯೂ ಟವೆಲಿನ ಕೆಳಗೇ ಆಗಿರಬೇಕು ಎಂದು ಒಂದು ಸಲ ಅವರಿಗೆ ಹೇಳಿದ್ದೆ. "ನನ್ನ ಯಾರೂ ಏನೂ ಕೇಳಲಿಲ್ಲ, ಹೊಡಕೊಂಡು ಬಂದು ನಿಮ್ಮ ಕೊಟ್ಟಿಗೆಗೆ ಕಟ್ಟಿದ್ರು" ಎಂದೆ. ಅವರು "ನನ್ನೂ ಯಾರೂ ಕೇಳಲಿಲ್ಲ" ಎಂದರು. ಅದು ಅವರ ಮಟ್ಟಿಗೆ ದೊಡ್ಡ ಭಾಷಣ.

ಈ ಟವೆಲಿನ ವ್ಯಾಪಾರ ನನಗೆ ಮದುವೆಯಾದ ಮೇಲೆ ಗೊತ್ತಾದದ್ದಲ್ಲ. ನನ್ನ ತವರು ಸೊರಬ ತಾಲೂಕಿನ ಕುಬಟೂರು. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ದನದ ಸಂತೆಗೆ ಹೋಗುತ್ತಿದ್ದೆ. ಒಂದು ಸಲ ಅಪ್ಪನೂ ದಲ್ಲಾಳಿಯೂ ಟವೆಲಿನ ಕೆಳಗೆ ಕೈ ಹಿಡಿದು ನಿಂತಿದ್ದಾಗ, ಒಳಗೆ ಏನೋ ತಿನ್ನುವುದು ಇದೆ ಎಂದುಕೊಂಡು ನಾನೂ ಕೈ ತೂರಿಸಿದೆ. ಅಪ್ಪ ಪಟ್ಟನೆ ಕೈ ಮೇಲೆ ಹೊಡೆದರು. "ಹೆಣ್ಣುಮಕ್ಕಳು ಇದರಾಗೆ ಕೈ ಹಾಕಬಾರದು" ಎಂದರು. ಯಾಕೆ ಎಂದು ಕೇಳಿದೆ. ಅಪ್ಪನಿಗೂ ಗೊತ್ತಿರಲಿಲ್ಲ, ಅದಕ್ಕೆ ಇನ್ನೊಂದು ಹೊಡೆದರು.

ಆಮೇಲೆ ಊರಿನ ಹಳೇ ಗುಡಿಯ ಕಂಬಗಳ ಸಂದಿಯಲ್ಲಿ ನಾನು, ನನ್ನ ತಮ್ಮ ಚನ್ನಬಸಪ್ಪ ಅದೇ ಆಟ ಆಡುತ್ತಿದ್ದೆವು. ಅವ್ವನ ಹಳೇ ಸೀರೆಯ ತುಂಡೇ ಟವೆಲು. ಕಲ್ಲು, ಓತಿಕ್ಯಾತ, ಒಡೆದ ಮಡಕೆ, ಒಂದು ಸಲ ಪೂಜಾರಿಯ ಚಪ್ಪಲಿ, ಎಲ್ಲವನ್ನೂ ಮಾರಿ ಕೊಂಡಿದ್ದೇವೆ. ಚನ್ನಬಸಪ್ಪ ಸೋಲುವ ಹಾಗಾದರೆ ಬಟ್ಟೆಯ ಒಳಗೇ ಬೆರಳು ಮಡಚಿಬಿಡುತ್ತಿದ್ದ. ಎರಡು ಕೊಟ್ಟವನು ಒಂದೇ ಕೊಟ್ಟೆ ಎಂದು ಸಾಧಿಸುತ್ತಿದ್ದ. ಅವನ ಬೆರಳು ಯಾವಾಗ ಮಡಚಲು ಹೊರಟಿದೆ ಎಂಬುದು ನನಗೆ ಅವನಿಗಿಂತ ಮೊದಲೇ ಗೊತ್ತಾಗುತ್ತಿತ್ತು.

ಇಷ್ಟು ಸಾಕು. ಈಗ ಗಿರಣಿಯ ವಿಷಯ.

ಶಿಕಾರಿಪುರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನೊಂದು ಹಿಟ್ಟಿನ ಗಿರಣಿ ಇಟ್ಟಿದ್ದೆ. ಸಂತೆ ಇಲ್ಲದ ದಿನ ದಲ್ಲಾಳಿಯ ಮನೆಯಲ್ಲೂ ಒಲೆ ಉರಿಯಬೇಕಲ್ಲ. ಬೆಳಿಗ್ಗೆ ಗೋಧಿ, ಆಮೇಲೆ ಜೋಳ, ರಾಗಿ, ಕೊನೆಗೆ ಖಾರ. ಖಾರದ ಪಾಳಿ ಬಂದರೆ ಬೀದಿಯೇ ಸೀನುತ್ತಿತ್ತು. ನನ್ನ ಜೋಳದ ಹಿಟ್ಟಿಗೆ ಅವಳ ರಾಗಿ ಸೇರಿತು, ಅವಳ ಗೋಧಿಗೆ ಇವಳ ಖಾರ ಸೇರಿತು ಎಂದು ಹೆಂಗಸರು ದಿನಾ ಜಗಳವಾಡುತ್ತಿದ್ದರು. ನಾನು ಯಾರ ಪರವೂ ವಹಿಸುತ್ತಿರಲಿಲ್ಲ, ಎಲ್ಲರನ್ನೂ ಬೈಯುತ್ತಿದ್ದೆ. ಅದಕ್ಕೇ ಗಿರಣಿ ಚೆನ್ನಾಗಿ ನಡೆಯಿತು.

ಶೈಲಜ, ನಾವು ಕರೆಯುವುದು ಶೈಲ, ಪಿಯುಸಿ ಓದಲು ನಮ್ಮ ಮನೆಗೆ ಬಂದಳು. ಕುಬಟೂರಿನಿಂದ ದಿನಾ ಓಡಾಡುವುದು ಆಗದು, ನನ್ನ ಇಬ್ಬರು ಗಂಡುಮಕ್ಕಳು ಬೇರೆ ಊರಲ್ಲಿ ಮಂಡಿ ವ್ಯಾಪಾರ ನೋಡಿಕೊಂಡಿದ್ದರು, ಮನೆಯಲ್ಲಿ ಜಾಗ ಇತ್ತು. ಒಳಗೆ ಕೋಣೆ ಕೊಟ್ಟರೆ ಈ ಹುಡುಗಿ ಪುಸ್ತಕ ತಂದು ಗಿರಣಿಯ ಕಿಟಕಿಯ ಕಟ್ಟೆ ಮೇಲೆ ಕೂರುತ್ತಿದ್ದಳು. ಆ ಸದ್ದಿನಲ್ಲಿ ಏನು ಓದುತ್ತೀಯೇ ಎಂದರೆ, "ಸದ್ದು ನಿಂತ್ರೆ ಓದಕ್ಕಾಗಲ್ಲತ್ತೆ" ಎನ್ನುತ್ತಿದ್ದಳು. ಕರೆಂಟು ಹೋದರೆ ನಾನು ಬೈಯುತ್ತಿದ್ದೆ, ಅವಳು ಪುಸ್ತಕ ಮಡಚಿ ಗಿರಣಿಯ ಹೊಟ್ಟೆಯೊಳಗೆ ತಲೆ ಹಾಕುತ್ತಿದ್ದಳು.

ನಮ್ಮ ಗಿರಣಿಗೆ ಮೋಟಾರಿನ ಚಕ್ರದಿಂದ ಕಲ್ಲಿನ ಚಕ್ರಕ್ಕೆ ಒಂದು ಉದ್ದನೆಯ ಬೆಲ್ಟು. ಸಂಜೆ ಇಳಿಸಿ, ಬೆಳಿಗ್ಗೆ ಏರಿಸಬೇಕು. ಹಾಗೇ ಬಿಟ್ಟರೆ ಜಗ್ಗಿ ಸಡಿಲವಾಗುತ್ತದೆ. ಏರಿಸುವುದು ಸುಲಭವಲ್ಲ. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಬೆಲ್ಟನ್ನು ಅಂಚಿನ ಮೇಲೆ ತಳ್ಳಬೇಕು. ಸ್ವಲ್ಪ ತಪ್ಪಿದರೂ ಅದು ಬುಸ್ಸೆಂದು ಕಳಚಿ ಮುಖಕ್ಕೆ ಬರುತ್ತದೆ. ಶೈಲ ಬಂದ ಮೇಲೆ ಬೆಲ್ಟಿನ ಕೆಲಸ ಅವಳದಾಯಿತು. ನಾನು ಹೇಳಿದ್ದಲ್ಲ, ಅವಳೇ ಕಿತ್ತುಕೊಂಡದ್ದು. ಕಲ್ಲು ನುಣುಪಾದಾಗ ಉಳಿ, ಸುತ್ತಿಗೆ ಹಿಡಿದು ಗೀರು ಹೊಡೆಯುವುದನ್ನೂ ಕಲಿತಳು. ಕಾಲೇಜಿಗೆ ಹೋಗುವಾಗ ಜಡೆಗೆ ಹೂವು, ಉಗುರಿನಲ್ಲಿ ಗ್ರೀಸು. "ಕೈ ತೊಳಕೊಂಡು ಹೋಗೇ, ನಿನ್ನ ಮೇಷ್ಟ್ರು ನನ್ನ ಬೈತಾರೆ" ಎಂದರೆ, "ಅವರಿಗೆ ಬೋರ್ಡ್ ಬಿಟ್ರೆ ಬೇರೆ ಏನೂ ಕಾಣಲ್ಲತ್ತೆ" ಎಂದು ಓಡುತ್ತಿದ್ದಳು.

ಒಂದು ಮಧ್ಯಾಹ್ನ ಗ್ರೀಸು ಹಚ್ಚುತ್ತ ಕೇಳಿದಳು. "ಅತ್ತೆ, ನಾನು ಮೆಕ್ಯಾನಿಕಲ್ ಓದ್ಲಾ?"

"ಹಂಗಂದ್ರೇನೇ?"

ಅವಳು ಗಿರಣಿಯ ಚಕ್ರದ ಮೇಲೆ ಅಂಗೈ ಇಟ್ಟು, "ಇದು" ಎಂದಳು.

"ಇದನ್ನ ಓದೋದೇನೈತೆ? ಇದು ಎದುರಿಗೇ ಐತಲ್ಲ."

"ಇದು ಯಾಕೆ ಹಿಂಗೇ ತಿರುಗುತ್ತೆ ಅಂತ ಓದೋದು. ಇನ್ನೂ ಚೆನ್ನಾಗಿ ತಿರುಗೋ ಹಂಗೆ ಮಾಡೋದು."

ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅಪ್ಪನಿಗೆ ಹೇಳು ಎಂದೆ. ಊರಿಗೆ ಹೋದಾಗ ಹೇಳಿದಳಂತೆ. ಚನ್ನಬಸಪ್ಪ ಜಗುಲಿ ತುಂಬ ಕೂತ ಜನರ ಎದುರು, "ಲಾರಿ ಅಡಿ ಮಲಗಿ ನಟ್ಟು ಬಿಗೀತೀಯೇನೇ?" ಎಂದು ನಕ್ಕನಂತೆ. ಎಲ್ಲರೂ ನಕ್ಕರಂತೆ. ಅವನು ಕೆಟ್ಟವನಲ್ಲ, ಬಾಯಿ ಮುಂದೆ ಓಡುತ್ತದೆ, ಬುದ್ಧಿ ಹಿಂದೆ ಎತ್ತಿನ ಗಾಡಿಯಲ್ಲಿ ಬರುತ್ತದೆ. ಆದರೆ ಹುಡುಗಿ ಆವತ್ತು ಬಾಯಿಗೆ ಬೀಗ ಹಾಕಿದವಳು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಪರೀಕ್ಷೆ ಮುಗಿಯಿತು. ನಂಬರು ಚೆನ್ನಾಗಿ ಬಂತು. ಇಂಜಿನಿಯರಿಂಗ್ ಸೀಟು ಸಿಗುತ್ತದೆ ಎಂದರು. ಅದು ನಮ್ಮ ಎರಡೂ ಮನೆತನಕ್ಕೆ ಹೊಸದು. ಬೆಂಗಳೂರಿಗೆ ಹೋಗಿ ಮೇಜಿನ ಎದುರು ನಿಲ್ಲಬೇಕಂತೆ. ಯಾವುದು ಬೇಕು ಎಂದು ಕೇಳುತ್ತಾರಂತೆ. ತಟ್ಟನೆ ಒಂದು ಹೇಳಬೇಕಂತೆ. ಹೇಳಿದ್ದನ್ನೇ ನಾಲ್ಕು ವರ್ಷ ಓದಿ ಜೀವನವೆಲ್ಲ ಅದನ್ನೇ ಮಾಡಬೇಕಂತೆ. ನನಗೆ ಇದು ಹುಡುಗಿ ನೋಡಲು ಬಂದವರ ಎದುರು ಕೂತ ಹಾಗೆಯೇ ಕಂಡಿತು. ವರನ ಕಡೆಯವರಾದರೆ ಕಾಫಿಯಾದರೂ ಕೊಟ್ಟು ಒಳಗೆ ಹೋಗಬಹುದು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಚನ್ನಬಸಪ್ಪ ನಮ್ಮ ಮನೆಗೆ ಬಂದ. ಅವನ ಹೆಂಡತಿ ಈಯಲಿರುವ ಎಮ್ಮೆ ಬಿಟ್ಟು ಬರಲಾರದೆ ಊರಲ್ಲೇ ಉಳಿದಿದ್ದಳು. ತನ್ನ ಬದಲಿಗೆ ಅಣ್ಣ ರುದ್ರಪ್ಪನವರನ್ನು ಕಳಿಸಿದ್ದಳು. ಅವರಿಗೆ ಸೊರಬದಲ್ಲಿ ಜವಳಿ ಅಂಗಡಿ. ಶೈಲನ ಸೋದರಮಾವ. ಮಾತಿನಲ್ಲಿ ಮಲೆನಾಡಿನ ನಯ, ಅಳತೆಯಲ್ಲಿ ಜವಳಿ ಅಂಗಡಿಯ ಬಿಗಿ.

ಇಬ್ಬರೂ ಪಡಸಾಲೆಯಲ್ಲಿ ಕೂತರು. ತಿಂಡಿ ಮುಗಿಯುವುದರೊಳಗೆ ಜಗಳ ಶುರುವಾಯಿತು.

ಚನ್ನಬಸಪ್ಪನಿಗೆ ಸಿವಿಲ್ ಆಗಬೇಕು. ಅದಕ್ಕೆ ಕಾರಣ ಒಂದು ಜೀಪು. ಅವರ ಊರ ಕೆರೆಯ ತೂಬು ಸೋರುತ್ತಿದ್ದಾಗ ಇಂಜಿನಿಯರು ಜೀಪಿನಲ್ಲಿ ಬಂದಿದ್ದನಂತೆ. ಕೋಲಿನಲ್ಲಿ ಅಲ್ಲೊಂದು ಇಲ್ಲೊಂದು ತೋರಿಸಿದನಂತೆ, ಎಳನೀರು ಕುಡಿದನಂತೆ, ಹೋದನಂತೆ. ತೂಬು ಈಗಲೂ ಸೋರುತ್ತದೆ, ಅದು ಬೇರೆ ಮಾತು. "ಆ ಜೀಪಿನಾಗೆ ನನ್ನ ಮಗಳು ಬಂದಿಳೀಬೇಕು. ಊರಿಗೂರೇ ಏರಿ ಮೇಲೆ ನಿಂತು ನೋಡ್ಬೇಕು" ಎನ್ನುವಾಗ ಅವನ ಕಣ್ಣು ಮಗುವಿನ ಕಣ್ಣಿನ ಹಾಗೆ ಆಗಿತ್ತು.

ರುದ್ರಪ್ಪನವರಿಗೆ ಕಂಪ್ಯೂಟರ್. "ಎಂತ ಜೀಪು ಮಾರಾಯ್ರೆ, ಬಿಸಿಲಲ್ಲಿ ಕೆರೆ ಏರಿ ಸುತ್ತೋದು ಹೆಣ್ಣುಮಗಳಿಗೆ ಹೇಳಿದ್ದಾ? ಶಿವಮೊಗ್ಗದಲ್ಲಿ ನಾನು ಕಂಪ್ಯೂಟರ್ ನೋಡಿದೀನಿ. ಒಳಗೆ ಹೋಗೋಕೆ ಚಪ್ಪಲಿ ಬಿಡಬೇಕು! ತಣ್ಣಗೆ ಗಾಳಿ, ಧೂಳಿಲ್ಲ, ಮಾತಿಲ್ಲ. ಗರ್ಭಗುಡಿ ಇದ್ದಂಗೆ."

"ಚಪ್ಪಲಿ ಬಿಡೋ ಕೆಲಸಕ್ಕೆ ಪೂಜಾರಿ ಮಾಡಿಸ್ರಿ. ಇಂಜಿನಿಯರ್ ಯಾಕೆ?" ಎಂದ ನನ್ನ ತಮ್ಮ.

"ನಿಮ್ಮ ಕೆರೆ ತೂಬು ಕಟ್ಟಕ್ಕೆ ನನ್ನ ತಂಗಿ ಮಗಳೇ ಬೇಕಾ?"

ನಾನು ಒಳಗೆ ಗಿರಣಿಗೆ ಬಂದಿದ್ದ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ. ಶೈಲ ಬಾಗಿಲಿಗೆ ಒರಗಿ ನಿಂತಿದ್ದಳು. ಅವರು ಅವಳನ್ನು ಒಂದು ಮಾತೂ ಕೇಳದೆ ಮಾತಾಡುತ್ತಿದ್ದರು, ಅವಳು ನೆಲ ನೋಡುತ್ತಿದ್ದಳು. "ಹೇಳೇ" ಎಂದು ಕಣ್ಸನ್ನೆ ಮಾಡಿದೆ. ಇಲ್ಲ ಎಂದು ತಲೆಯಾಡಿಸಿದಳು. ಒಮ್ಮೆ ಜಗುಲಿ ತುಂಬ ನಗಿಸಿಕೊಂಡವಳು, ಇನ್ನೊಮ್ಮೆ ಬಾಯಿ ಬಿಡುತ್ತಾಳೆಯೇ?

ಮಧ್ಯಾಹ್ನದ ಹೊತ್ತಿಗೆ ಬೀದಿಯವರು ನಮ್ಮ ಬಾಗಿಲಲ್ಲಿ ಇಣುಕತೊಡಗಿದರು. ಆಗ ನಮ್ಮ ಯಜಮಾನರು ಎದ್ದರು. ಅವರಿಗೆ ಗದ್ದಲವೆಂದರೆ ಆಗದು. ಹೆಗಲ ಮೇಲಿನ ಟವೆಲು ತೆಗೆದು ಕೊಡವಿದರು.

"ಬಾಯಾಗೆ ಆಡಿದ್ರೆ ಜಗಳ ಆಕ್ಕತಿ. ಬೆರಳಾಗೆ ಹೇಳ್ರಿ" ಎಂದರು.

ಇಬ್ಬರೂ ಮುಂದೆ ಸರಿದು ಕೂತರು. ತಮ್ಮನ ಮುಖದಲ್ಲಿ ಸ್ವಲ್ಪ ಸಮಾಧಾನವೂ ಕಂಡಿತು. ಬಾಯಲ್ಲಿ ಸೋತರೆ ಊರಿಗೆಲ್ಲ ಗೊತ್ತಾಗುತ್ತದೆ, ಟವೆಲಿನ ಕೆಳಗೆ ಸೋತರೆ ದಲ್ಲಾಳಿಗೆ ಮಾತ್ರ.

"ಶೈಲ, ಯಾವ್ಯಾವ ಇಂಜಿನಿಯರಿಂಗು ಅದಾವ ಹೇಳವ್ವ" ಎಂದರು ಯಜಮಾನರು. ಶೈಲ ಮೆಲ್ಲಗೆ ಹೇಳಿದಳು. ಅವರು ಬೆರಳು ಮಡಚಿದರು. ಒಂದು ಸಿವಿಲ್, ಎರಡು ಮೆಕ್ಯಾನಿಕಲ್, ಮೂರು ಟೆಕ್ಸ್‌ಟೈಲ್, ನಾಲ್ಕು ಎಲೆಕ್ಟ್ರಿಕಲ್, ಐದು ಕಂಪ್ಯೂಟರ್.

"ಇನ್ನೂ ಅದಾವ ಮಾವ."

"ಕೈಯಾಗೆ ಇರೋದು ಐದು ಬೆರಳು. ಸಾಕು."

ಟವೆಲು ಇಳಿಬಿಟ್ಟರು. ಮೊದಲು ಚನ್ನಬಸಪ್ಪನ ಕೈ. ಆಮೇಲೆ ರುದ್ರಪ್ಪನವರದು. ಮತ್ತೆ ಚನ್ನಬಸಪ್ಪನದು. ನಮ್ಮ ಯಜಮಾನರ ಮುಖ ಗೋಡೆಯ ಹಾಗೆ. ಒಂದು ಸಲ ತಲೆ ಅಲ್ಲಾಡಿಸುವುದು, ಒಂದು ಸಲ ನಾಲಿಗೆಯಲ್ಲಿ ಲೊಚಕ್ ಎನ್ನುವುದು, ಒಂದು ಸಲ ಚನ್ನಬಸಪ್ಪನ ಕಿವಿಯಲ್ಲಿ "ಸ್ವಲ್ಪ ಮೇಲೆ ಬಾ", ಇನ್ನೊಂದು ಸಲ ರುದ್ರಪ್ಪನವರ ಕಿವಿಯಲ್ಲಿ "ಅಷ್ಟು ಎತ್ತರಕ್ಕೆ ಕೂತ್ರೆ ಹೆಂಗ್ರಿ." ಸಂತೆಯಲ್ಲಿ ಚಿಕ್ಕಂದಿನಿಂದ ನೋಡಿದ ಆಟವೇ. ಬಾಗಿಲಲ್ಲಿ ಇಣುಕುತ್ತಿದ್ದವರೂ ಒಳಗೆ ಬಂದು ಕೂತರು. ಕೊನೆಗೆ ಇಬ್ಬರ ಕೈಯನ್ನೂ ಒಂದರ ಮೇಲೊಂದು ಬಡಿಸಿ, ಟವೆಲು ಎಳೆದು ಹೆಗಲಿಗೆ ಹಾಕಿ ಹೇಳಿದರು.

"ಆತು! ಒಂದು ಅಂದೋರು ಹತ್ತಿದ್ರು, ಐದು ಅಂದೋರು ಇಳಿದ್ರು. ಮೂರಕ್ಕೆ ಮುಗೀತು."

ಎಲ್ಲರಿಗೂ ಸಂತೋಷವಾಯಿತು. ತಮ್ಮ ಬೆವರು ಒರೆಸಿಕೊಂಡ. ರುದ್ರಪ್ಪನವರು ಎಲೆ ಅಡಿಕೆ ತಟ್ಟೆ ಎಳೆದುಕೊಂಡರು.

ನಾನು ಮೆಣಸಿನಕಾಯಿ ಕೈಯಲ್ಲೇ ಹೊರಗೆ ಬಂದೆ. "ಮೂರು ಏನ್ರಿ? ಮೂರು ಸಾವಿರವಾ?"

ಯಜಮಾನರು ನನ್ನನ್ನು ನೋಡಿದರು. ತಮ್ಮ ಕೈಯನ್ನು ನೋಡಿಕೊಂಡರು. ಒಂದೊಂದೇ ಬೆರಳು ಮಡಚಿದರು. ಆ ಮುಖ ಬದಲಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಟೆಕ್ಸ್‌ಟೈಲ್, ಮಾವ" ಎಂದಳು ಶೈಲ. "ಬಟ್ಟೆ ನೇಯೋದು."

ಯಾರಿಗೂ ಬೇಡವಾದದ್ದಕ್ಕೆ ಇಬ್ಬರೂ ಕೈ ಕೊಟ್ಟಿದ್ದರು. ರೇಟಿಗೆ ನಡು ಎಂಬುದು ಇರುತ್ತದೆ, ಕೆರೆಗೂ ಕಂಪ್ಯೂಟರಿಗೂ ನಡುವೆ ಏನಿರುತ್ತದೆ? ಆದರೂ ಮೊದಲು ಸುಧಾರಿಸಿಕೊಂಡವರು ರುದ್ರಪ್ಪನವರು. "ಜವಳಿ... ಕೆಟ್ಟದ್ದೇನಲ್ಲ ಬಿಡಿ. ಜನ ಬಟ್ಟೆ ಉಡೋದು ಬಿಡ್ತಾರಾ?"

"ಸುಮ್ನಿರ್ರಿ, ನಿಮ್ಮಂಗಡಿಗೆ ಹುಡುಗಿ ಓದ್ತಾಳೇನು?" ಎಂದೆ. "ಇದನ್ನ ಮುರೀರಿ."

"ಹೆಂಗೆ ಮುರಿಯೋದಕ್ಕ?" ಎಂದ ಚನ್ನಬಸಪ್ಪ. ಅವನ ಮುಖ ಸಣ್ಣದಾಗಿತ್ತು. "ಕೈ ಕೊಟ್ಟಾಗೈತಿ. ಇಷ್ಟು ಜನ ನೋಡ್ಯಾರ. ಭಾವನ ಟವೆಲ್ಲಿನ ಮ್ಯಾಲೆ ಮಾತು ತಪ್ಪಿದ್ರೆ ನಾಳೆ ಸಂತಿಯಾಗೆ ಅವರ ಮಾನ ಉಳೀತದಾ?"

ನಿಮಗೆ ಇದು ನಗೆಯಾಗಿ ಕಾಣಬಹುದು. ನಮ್ಮ ಯಜಮಾನರ ಬದುಕು ನಿಂತದ್ದೇ ಅದರ ಮೇಲೆ. ಅವರ ಟವೆಲಿನ ಕೆಳಗೆ ಆದ ಮಾತು ಒಂದೂ ಮುರಿದಿರಲಿಲ್ಲ. ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತುಬಿಟ್ಟರು. ಶೈಲ ಸದ್ದಿಲ್ಲದೆ ಗಿರಣಿಯ ಕೋಣೆಗೆ ಹೋದಳು. ಕರೆಂಟು ಇರಲಿಲ್ಲ. ಚಕ್ರವನ್ನು ಬರಿಗೈಯಲ್ಲಿ ತಿರುಗಿಸುತ್ತ ನಿಂತದ್ದು ನನಗೆ ಇಲ್ಲಿಂದ ಕಾಣಿಸುತ್ತಿತ್ತು. ಸುಮ್ಮನೆ, ಖಾಲಿ ಚಕ್ರ.

ನನಗೆ ರೇಗಿತು. ರೇಗಿದಾಗ ನನಗೆ ಬುದ್ಧಿ ಚುರುಕಾಗುತ್ತದೆ.

"ಏನ್ರಿ," ಎಂದೆ ಯಜಮಾನರಿಗೆ, "ನಿಮ್ಮ ವ್ಯಾಪಾರದಾಗೆ ಎತ್ತಿನ ಮಾಲೀಕ ಕೈ ಕೊಡದೆ ಮಾತು ಮುಗೀತದೇನು?"

ಅವರು ಕಣ್ಣು ತೆರೆದರು. "ಅದೆಂಗೆ ಮುಗೀತದೆ?"

"ಮತ್ತೆ ಇಲ್ಲಿ ಮಾಲೀಕರ ಕೈ ಎಲ್ಲಿ ಬಂತು?"

"ನಾನಿಲ್ವಾ ಅಕ್ಕ? ಅಪ್ಪ ನಾನು" ಎಂದ ಚನ್ನಬಸಪ್ಪ.

"ನೀನು ಅಪ್ಪ. ಓದೋ ತಲೆ ನಿಂದಲ್ಲ. ನಿನ್ನ ತಲೆ ನಾನು ಕಂಡೀನಿ, ನಾಲ್ಕನೇ ಕ್ಲಾಸು ಎರಡು ಸಲ ಓದಿದ ತಲೆ."

ಬಾಗಿಲಲ್ಲಿ ಕೂತ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ನಮ್ಮ ಯಜಮಾನರು ಮಾತ್ರ ನಗಲಿಲ್ಲ. ನಾನು ಅವರಿಗೆ ಒಂದು ದಾರಿ ತೋರಿಸಿದ್ದೆ, ಅವರು ಅದರ ಮೇಲೆ ಕಾಲಿಟ್ಟು ಗಟ್ಟಿ ಇದೆಯೇ ಎಂದು ನೋಡುತ್ತಿದ್ದರು.

"ಅದು ಖರೆ" ಎಂದರು. "ಮಾಲೀಕರ ಕೈ ಬರದಿದ್ರೆ ಅದು ವ್ಯಾಪಾರನೇ ಅಲ್ಲ. ಆಗಲೇ ಇಲ್ಲ ಅಂದ್ಮ್ಯಾಲೆ ಮುರಿಯೋದೆಲ್ಲಿ ಬಂತು?" ಎಂದು ಹೆಗಲಿನ ಟವೆಲು ತೆಗೆದು ನನ್ನ ಕಡೆ ಚಾಚಿದರು. "ಹುಡುಗಿ ನಮ್ಮ ಕೈಗೆ ಕೈ ಕೊಡಾಕೆ ನಾಚಿಕೊಳ್ತದೆ. ನೀನೇ ಹಿಡಿ."

ಅಪ್ಪ ಅವತ್ತು ಹೊಡೆದ ಜಾಗ ಒಂದು ಗಳಿಗೆ ಚುರುಗುಟ್ಟಿತು. ಆಮೇಲೆ ಕೈ ಸೆರಗಿಗೆ ಒರೆಸಿಕೊಂಡು ಟವೆಲು ತೆಗೆದುಕೊಂಡೆ.

ಶೈಲನನ್ನು ಕೂಗಿದೆ. ಬಂದು ನಿಂತಳು. "ಕೈ ಕೊಡು" ಎಂದೆ.

"ನಾನೇನು ಎತ್ತೇನತ್ತೆ?"

"ಎತ್ತಾಗಿದ್ರೆ ಇಷ್ಟು ಹೊತ್ತಿಗೆ ಹಾಯ್ತಿತ್ತು. ನೀನು ಅಷ್ಟೂ ಮಾಡಲಿಲ್ಲ. ಕೊಡು ಕೈ."

ಟವೆಲಿನ ಕೆಳಗೆ ಅವಳ ಕೈ ಬಂತು. ಎರಡು ವರ್ಷ ಒಂದೇ ಮನೆಯಲ್ಲಿ ಇದ್ದರೂ ಅವಳ ಕೈಯನ್ನು ನಾನು ಹಾಗೆ ಹಿಡಿದಿರಲಿಲ್ಲ. ತಣ್ಣಗಿತ್ತು. ನೋಡದೆ ಹಿಡಿದಾಗ ಕೈ ಬೇರೆಯೇ ಗೊತ್ತಾಗುತ್ತದೆ. ಬೆರಳಿನ ಬುಡದಲ್ಲಿ ಉಳಿ ಹಿಡಿದು ಜಡ್ಡುಗಟ್ಟಿತ್ತು. ಹೆಬ್ಬೆರಳ ಪಕ್ಕ ಬೆಲ್ಟು ಉಜ್ಜಿದ ಗಾಯದ ಗುರುತು. ಹದಿನೇಳರ ಹುಡುಗಿಯ ಕೈ ಅಲ್ಲ ಅದು, ದುಡಿದವರ ಕೈ. ಅವಳು ನನ್ನ ಎರಡು ಬೆರಳು ಹಿಡಿದಳು. ಹಿಡಿದದ್ದಲ್ಲ, ಹಿಂಡಿದಳು. ನನಗೆ ನೋವಾಯಿತು. ಮುಖದಲ್ಲಿ ತೋರಿಸಲಿಲ್ಲ. ದಲ್ಲಾಳಿಯ ಹೆಂಡತಿ ನಾನು.

ಆಮೇಲೆ ಟವೆಲನ್ನು ಚನ್ನಬಸಪ್ಪನ ಕಡೆ ತಿರುಗಿಸಿದೆ. ಅವನ ಎರಡು ಬೆರಳು ಹಿಡಿದೆ. ಅವನು ನನ್ನ ಕೈ ಬಿಡಿಸಿ ಒಂದು ಹಿಡಿದ. ನಾನು ಎರಡು. ಅವನು ಒಂದು. "ಸ್ವಲ್ಪ ಆಕಡೆ ಈಕಡೆ ನೋಡ್ರಕ್ಕ" ಎಂದರು ರುದ್ರಪ್ಪನವರು, ಅಭ್ಯಾಸ ಬಲದಿಂದ. "ನಡುವಿಗೆ ತರೋ ವಿದ್ಯೆ ನನಗೆ ಬರಲ್ಲ" ಎಂದೆ. ನಾನು ಮತ್ತೆ ಎರಡು ಹಿಡಿದೆ. ಈ ಸಲ ಅವನ ಒಂದು ಬೆರಳು ಮೆಲ್ಲಗೆ ಮಡಚತೊಡಗಿತು.

"ಚನ್ನ," ಎಂದೆ, "ಬೆರಳು ಮಡಚಬೇಡ."

ಅವನು ತಟ್ಟನೆ ತಲೆ ಎತ್ತಿದ. ಐವತ್ತರ ಹತ್ತಿರ ಬಂದವನು, ನೆರೆಗೂದಲಿನವನು, ಓತಿಕ್ಯಾತ ಮಾರುವಾಗ ಸಿಕ್ಕಿಬಿದ್ದ ಮುಖವನ್ನೇ ಮಾಡಿದ. ನಗು ಬಂತು ಅವನಿಗೆ. ಆಮೇಲೆ ನಗು ಹೋಯಿತು.

"ಅಲ್ಲಕ್ಕ, ಗ್ರೀಸು, ಎಣ್ಣಿ, ಗಂಡಸ್ರ ನಡುವೆ... ನಾಳೆ ಯಾರು..." ಎಂದು ನಿಲ್ಲಿಸಿದ. ಮಗಳು ಎದುರಿಗೇ ಇದ್ದಳು.

ನನಗೆ ಬೇಸರ ಬಂತು. ಇವನ ಮಾತು ಅವಳಿಗೆ, ಅವಳ ಮಾತು ಇವನಿಗೆ, ನಡುವೆ ನಾನು ಯಾಕೆ ಕೈ ನೋಯಿಸಿಕೊಳ್ಳಲಿ? ಶೈಲನ ಕೈ ಎಳೆದು ಟವೆಲಿನ ಕೆಳಗೆ ತಂದೆ, ಅವಳಪ್ಪನ ಕೈಯಲ್ಲಿ ಇಟ್ಟೆ, ನನ್ನ ಕೈ ಹೊರಗೆ ತೆಗೆದೆ. "ನೀವೇ ಮುಗಿಸಿಕೊಳ್ರಿ" ಎಂದೆ.

ಅಪ್ಪ ಮಗಳು ಎದುರು ಬದುರು ಕೂತರು. ಟವೆಲು ಒಂದೆರಡು ಸಲ ಅಲುಗಾಡಿತು. ಆಮೇಲೆ ನಿಂತಿತು. ಚನ್ನಬಸಪ್ಪ ಅವಳ ಮುಖ ನೋಡುತ್ತಿರಲಿಲ್ಲ, ಟವೆಲಿನ ಕೆಂಪು ಅಂಚು ನೋಡುತ್ತಿದ್ದ. ಅವನ ಹೆಬ್ಬೆರಳು ಬಟ್ಟೆಯ ಕೆಳಗೆ ಮೆಲ್ಲಗೆ ಆಡುತ್ತಿರುವುದು ಕಾಣುತ್ತಿತ್ತು, ಎತ್ತಿನ ಹೆಗಲು ಸವರಿ ನೋಡುವ ಹಾಗೆ. ಯಜಮಾನರು ಕುತ್ತಿಗೆ ಮುಂದೆ ಚಾಚಿದ್ದರು. ಟವೆಲಿನ ಹೊರಗೆ ಕೂತು ಕಾಯುವುದು ಏನು ಎಂಬುದು ಅವರಿಗೂ ಅವತ್ತೇ ಗೊತ್ತಾದದ್ದು.

ಕೊನೆಗೆ ಚನ್ನಬಸಪ್ಪ "ಆತು" ಎಂದ.

"ಎಷ್ಟಕ್ಕೆ?" ಎಂದರು ಯಜಮಾನರು.

"ಎರಡು."

ಶೈಲ ಎದ್ದು ಒಳಗೆ ಓಡಿದಳು. ರುದ್ರಪ್ಪನವರು ಎಲೆಗೆ ಸುಣ್ಣ ಹಚ್ಚುತ್ತ, "ಜವಳಿ ಒಳ್ಳೇದಿತ್ತು" ಎಂದು ತಮಗೆ ತಾವೇ ಹೇಳಿಕೊಂಡರು. ನಾನು ಟವೆಲು ತಂದು ಯಜಮಾನರ ಹೆಗಲ ಮೇಲೆ ಹಾಕಿದೆ. ಅದಕ್ಕೆ ಖಾರ ಅಂಟಿತ್ತು. ಸಂಜೆಯವರೆಗೂ ಸೀನುತ್ತಲೇ ಇದ್ದರು.

ಊಟಕ್ಕೆ ಬಡಿಸುವಾಗ ಚನ್ನಬಸಪ್ಪ ತಲೆ ತಗ್ಗಿಸಿಕೊಂಡು ಕೇಳಿದ. "ಅವಳ ಕೈ ಜಡ್ಡುಗಟ್ಟೈತಲ್ಲಕ್ಕ. ಗಿರಣಿ ಕೆಲಸ ಮಾಡಿಸಿದ್ಯಾ?"

"ಮಾಡಿಸಲಿಲ್ಲ. ಬಿಡಿಸೋಕೆ ನೋಡಿದೆ, ಆಗಲಿಲ್ಲ."

ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಟವೆಲಿನ ಕೆಳಗೆ ಅವರಿಬ್ಬರೂ ಏನು ಮಾಡಿದರು, ಎಷ್ಟು ಸಲ ಒಂದು, ಎಷ್ಟು ಸಲ ಎರಡು, ಯಾರ ಬೆರಳು ಮೊದಲು ಸಡಿಲವಾಯಿತು, ಅದು ನನಗೆ ಇವತ್ತಿಗೂ ಗೊತ್ತಿಲ್ಲ. ಶೈಲ ಈಗ ಹುಬ್ಬಳ್ಳಿ ಕಡೆ ನೀರೆತ್ತುವ ಪಂಪು ಮಾಡುವ ಕಾರ್ಖಾನೆಯಲ್ಲಿ ಇದ್ದಾಳೆ. ಅವಳ ಕೈಕೆಳಗೆ ಬಹಳ ಗಂಡಸರು ಇದ್ದಾರಂತೆ, ಪಾಪ. ಬಂದಾಗಲೆಲ್ಲ ಕೇಳುತ್ತೇನೆ. "ದಲ್ಲಾಳಿ ಗುಟ್ಟು ಅತ್ತೆ" ಎಂದು ಗಿರಣಿಯ ಕೋಣೆಗೆ ಹೋಗಿಬಿಡುತ್ತಾಳೆ. ಅಲ್ಲಿ ಏನು ಸರಿಯಿಲ್ಲ ಎಂದು ಪಟ್ಟಿ ಹೇಳುತ್ತಾಳೆ. ಎಲ್ಲ ಸರಿಯಿದೆ ಎಂದು ನಾನು ಜಗಳವಾಡುತ್ತೇನೆ.

ಆ ಟವೆಲಿನ ಮಾತು ಮುಗಿದ ಮಾರನೇ ಬೆಳಿಗ್ಗೆ ಅಪ್ಪ ಮಗಳು ಬೆಂಗಳೂರಿಗೆಂದು ಶಿವಮೊಗ್ಗದ ಮೊದಲ ಬಸ್ಸಿಗೆ ಹೊರಟರು. ಕಳಿಸಲು ನಾನು ಬಸ್‌ಸ್ಟ್ಯಾಂಡಿಗೆ ಹೋಗಲಿಲ್ಲ. ಬಾಗಿಲಲ್ಲಿ ಆಗಲೇ ಜೋಳದ ಡಬ್ಬಿಗಳು ಸಾಲಾಗಿ ಕೂತಿದ್ದವು. ಗಿರಣಿಯ ಕೋಣೆ ತೆಗೆದೆ. ಮೊಳೆಗೆ ನೇತುಹಾಕಿದ್ದ ಬೆಲ್ಟು ತೆಗೆದುಕೊಂಡೆ. ಎರಡು ವರ್ಷ ಮುಟ್ಟದ ಕೈ, ಮೊದಲ ಸಲ ಬೆಲ್ಟು ಕಳಚಿ ಮೊಣಕೈಗೆ ಬಡಿಯಿತು. ಬೈದೆ. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ತಳ್ಳಿದೆ. ಅಂಚು ಹಿಡಿಯಿತು, ಏರಿತು, ಕೂತಿತು. ಸ್ವಿಚ್ಚು ಹಾಕಿ ಮೊದಲ ಡಬ್ಬಿ ಸುರಿದೆ.